ಹಳೇ ಎಂಟಿಬಿಯ (ಮೌಂಟನ್ ಬೈಕ್) ಶಾಕ್ ಫೋರ್ಕ್: ಲಕ್ಷಣ ನೋಡಿ ದೋಷ ಹಿಡಿಯುವುದು, ಹೊಸದು ಹಾಕುವಾಗ ಎಲ್ಲಿ ತಪ್ಪುತ್ತದೆ

ಕೈಮರದಿಂದ ಮುಳ್ಳಯ್ಯನಗಿರಿಗೆ ಹತ್ತಿ ಇಳಿಯುವ ರಸ್ತೆಯಲ್ಲಾಗಲಿ, ಸಕಲೇಶಪುರದ ಕಡೆಯ ತೋಟಗಳ ಜೀಪು ಹಾದಿಯಲ್ಲಾಗಲಿ ಹಳೇ ಎಂಟಿಬಿಯ ಮುಂಭಾಗ ಸದ್ದು ಮಾಡತೊಡಗಿದರೆ ಮೊದಲು ಕೇಳಿಬರುವ ಮಾತು, 'ಫೋರ್ಕ್ ಹೋಗಿದೆ, ಹೊಸದು ಹಾಕಿಸಿ' ಎಂಬುದು. ಮುಂಚಕ್ರವನ್ನು ಹಿಡಿದಿರುವ, ಗುಂಡಿಯ ಪೆಟ್ಟಿಗೆ ಕುಗ್ಗುವ ಆ ಎರಡು ಕಾಲಿನ ಫೋರ್ಕ್ ಹೋಗಿರಲೂಬಹುದು. ಆದರೆ ಅದೇ ಸದ್ದು ಚಕ್ರದ ನಡುವಿನ ಸಡಿಲ ಹಬ್‌ನಿಂದಲೂ ಬರುತ್ತದೆ, ಹ್ಯಾಂಡಲ್ ತಿರುಗುವ ಬೇರಿಂಗಾದ ಹೆಡ್‌ಸೆಟ್ ಸವೆದರೂ ಬರುತ್ತದೆ. ಅದನ್ನು ನೋಡದೆ ಫೋರ್ಕ್ ಬದಲಿಸಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ. ಜತೆಗೆ 1990ರ ದಶಕದ ಫ್ರೇಮಿಗೆ ಇವತ್ತಿನ ಉದ್ದದ ಫೋರ್ಕ್ ಹಾಕಿದರೆ ಇಲ್ಲದ ತೊಂದರೆಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಹಾಗಾಗಿ ಕೈಯಲ್ಲೇ ಆಗುವ, ಖರ್ಚಿಲ್ಲದ ಪರೀಕ್ಷೆಗಳಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಏರಿ.

ಮೊದಲು ಜೋಡಿಸಿಕೊಳ್ಳಬೇಕಾದ್ದು

4, 5, 6 ಮಿ.ಮೀ. ಅಲೆನ್ ಕೀ, 13 ಮತ್ತು 15ರ ತೆಳು ಕೋನ್ ಸ್ಪಾನರ್, ಹಳೇ ಮಾದರಿಯ ಮರೆ (ತಿರುಪಿನ ಥ್ರೆಡ್) ಇರುವ ಹೆಡ್‌ಸೆಟ್ ಆದರೆ 32 ಅಥವಾ 36 ಮಿ.ಮೀ. ಸ್ಪಾನರ್, ಟೇಪು, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೇ ಹತ್ತಿ ಬಟ್ಟೆ. ಪೆಟ್ರೋಲ್, ಸೀಮೆಎಣ್ಣೆ ಎರಡನ್ನೂ ಫೋರ್ಕ್ ಹತ್ತಿರ ತರಬೇಡಿ. ಸೀಲಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಗಾಳಿ ತುಂಬಿದ ಫೋರ್ಕ್ ಆದರೆ ಗಾಳಿ ಪೂರ್ತಿ ಬಿಡದೆ ಮೇಲಿನ ಮುಚ್ಚಳ ತಿರುಗಿಸಲೇಬಾರದು. ಒತ್ತಡದಲ್ಲಿರುವ ಮುಚ್ಚಳ ಮುಖಕ್ಕೆ ಹಾರುತ್ತದೆ. ಸ್ಪ್ರಿಂಗ್ ಫೋರ್ಕ್‌ನಲ್ಲೂ ಮುಚ್ಚಳ ಬಿಚ್ಚುವಾಗ ಮುಖವನ್ನು ಅದರ ನೇರಕ್ಕೆ ತರಬೇಡಿ.

ಮುಂದಿನ ಬ್ರೇಕ್ ಹಿಡಿದರೆ 'ಟಕ್' ಎನ್ನುತ್ತದೆ

ಅತಿ ಹೆಚ್ಚು ದಾರಿ ತಪ್ಪಿಸುವ ಲಕ್ಷಣ ಇದೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗಿ.

ಮೊದಲು ಚಕ್ರದ ಕ್ವಿಕ್ ರಿಲೀಸ್ ನೋಡಿ. ಸನ್ನೆಯನ್ನು ಮುಚ್ಚುವಾಗ ಅರ್ಧ ದಾರಿಯಿಂದಲೇ ಬಿಗಿ ಸಿಗಬೇಕು, ಅಂಗೈ ಮೇಲೆ ಅಚ್ಚು ಮೂಡುವಷ್ಟು. ಆಮೇಲೆ ಟೈರ್ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ. ರಿಮ್ಮು ಬ್ರೇಕ್ ಕಟ್ಟೆಗಳ (ಪ್ಯಾಡ್) ನಡುವೆ ಕುಲುಕಿದರೆ ಹಬ್ಬಿನ ಕೋನ್ (ಗುಂಡುಗಳನ್ನು ಹಿಡಿದಿಡುವ ನಟ್) ಸಡಿಲ. ಗುಂಡು ಮತ್ತು ಗ್ರೀಸ್ ಬದಲಿಸಿ ಕೋನ್ ಹೊಂದಿಸಿದರೆ ಕಡಿಮೆ ಖರ್ಚಲ್ಲೇ ಮುಗಿಯುತ್ತದೆ. ಮೂರನೆಯದು ಬ್ರೇಕ್ ತೋಳುಗಳು: ಬೆರಳಲ್ಲಿ ಹಿಡಿದು ಹಿಂದೆಮುಂದೆ ಎಳೆಯಿರಿ. ತೋಳಿನ ಬುಶ್ (ಒಳಗಿನ ಬಳೆ) ಸವೆದಿದ್ದರೆ ಬ್ರೇಕ್ ಹಿಡಿದ ಕ್ಷಣ ಅದೇ ಟಕ್ ಎನ್ನುತ್ತದೆ.

ಈ ಮೂರೂ ಸರಿಯಿದ್ದರೆ ಹೆಡ್‌ಸೆಟ್. ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಫ್ರೇಮಿನ ಹೆಡ್ ಟ್ಯೂಬಿನ (ಫೋರ್ಕ್ ತೂರುವ ಮುಂಭಾಗದ ಕೊಳವೆ) ಕೆಳಗಿನ ಕಪ್ ಮತ್ತು ಫೋರ್ಕಿನ ಕ್ರೌನ್ (ಎರಡು ಕಾಲು ಸೇರುವ ಮೇಲ್ಭಾಗ) ಕೂಡುವ ಸಂದಿನ ಸುತ್ತ ಇಟ್ಟು ಸೈಕಲನ್ನು ಹಿಂದೆಮುಂದೆ ತಳ್ಳಿ. ಸಂದು ತೆರೆದು ಮುಚ್ಚುವುದು ಬೆರಳಿಗೆ ತಿಳಿಯುತ್ತದೆ. ಹ್ಯಾಂಡಲನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ, ಬ್ರೇಕ್ ಬಿಟ್ಟು ಮತ್ತೆ ತಳ್ಳಿ ನೋಡಿ. ಆಗಲೂ ಅದೇ ಸಂದು ಅಲುಗಿದರೆ ಹೆಡ್‌ಸೆಟ್ಟೇ. ಇಲ್ಲಿ ಬಹಳ ಜನ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ತುಂಡು) ಬೋಲ್ಟ್ ಸಡಿಲಿಸದೆ ಮೇಲಿನ ಮುಚ್ಚಳದ ಬೋಲ್ಟ್ ಮಾತ್ರ ಬಿಗಿಯುತ್ತಾರೆ. ಸ್ಟೆಮ್ ಸ್ಟೀರರ್ ಕೊಳವೆಯನ್ನು (ಫೋರ್ಕಿನಿಂದ ಮೇಲೇಳುವ ಕೊಳವೆ) ಕಚ್ಚಿಕೊಂಡಿರುವಾಗ ಆ ಬಿಗಿ ಬೇರಿಂಗಿಗೆ ತಲುಪುವುದೇ ಇಲ್ಲ. ಕೊಳವೆಯೊಳಗೆ ಮುಚ್ಚಳದ ಬೋಲ್ಟ್ ಹಿಡಿಯುವ ಸ್ಟಾರ್ ನಟ್ ಕಿತ್ತುಕೊಂಡು ಮೇಲೆ ಬರುತ್ತದೆ, ಅಷ್ಟೆ. ಮೊದಲು ಸ್ಟೆಮ್ಮಿನ ಪಕ್ಕದ ಬೋಲ್ಟ್ ಸಡಿಲಿಸಿ, ಮುಚ್ಚಳದ ಬೋಲ್ಟನ್ನು ಕಾಲು ಕಾಲು ಸುತ್ತು ಬಿಗಿದು ಅಲುಗಾಟ ನಿಂತ ಕೂಡಲೇ ನಿಲ್ಲಿಸಿ, ಹ್ಯಾಂಡಲ್ ನೇರ ಮಾಡಿ, ಆಮೇಲೆ ಪಕ್ಕದ ಬೋಲ್ಟ್ ಬಿಗಿಯಿರಿ. ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್ ಸಾಕು. ಸ್ಟೆಮ್ ಮೇಲೆ ಬೇರೆ ಅಂಕಿ ಬರೆದಿದ್ದರೆ ಅದನ್ನೇ ಪಾಲಿಸಿ.

ಹೆಡ್‌ಸೆಟ್ ಗಟ್ಟಿಯಾಗಿದ್ದೂ ಸದ್ದು ಉಳಿದರೆ ಈಗ ಫೋರ್ಕಿನ ಸರದಿ. ಹೊಳೆಯುವ ಒಳಕೊಳವೆಯು ಹೊರಗಿನ ಕಾಲಿನೊಳಗೆ ಇಳಿಯುವ ಕಡೆ, ಧೂಳಿನ ಸೀಲಿನ ಅಂಚಿಗೆ ಬೆರಳಿಟ್ಟು ಬ್ರೇಕ್ ಹಿಡಿದು ತಳ್ಳಿ. ಬೆರಳಿಗೆ ಸಣ್ಣಗೆ ಅಲುಗಿದಂತಾದರೆ ಅದು ಸಹಜ. ಹೊಸ ಫೋರ್ಕಲ್ಲೂ ಅಷ್ಟು ಇರುತ್ತದೆ. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಆಡಿದರೆ ಒಳಗಿನ ಬುಶ್ ಸವೆದಿದೆ. ಬುಶ್ ಬದಲಿಸಲು ಅಳತೆಯ ವಿಶೇಷ ಉಪಕರಣ ಬೇಕು, ಹಳೇ ಮಾದರಿಗೆ ಬುಶ್ ಸಿಗುವುದೂ ಕಷ್ಟ. ಫೋರ್ಕ್ ಬದಲಿಸಲು ಇದು ಮೊದಲ ನಿಜವಾದ ಕಾರಣ.

ಟಕ್ ಬದಲು 'ಕಿರ್ರ್' ಎಂಬ ಸದ್ದು, ಅದರಲ್ಲೂ ಎದ್ದು ನಿಂತು ತುಳಿಯುವಾಗ, ಕ್ರೌನ್ ಕಡೆಯಿಂದ ಬಂದರೆ ಸ್ವಲ್ಪ ಎಚ್ಚರ. 1990ರ ದಶಕದ ರಾಕ್‌ಶಾಕ್ಸ್ ಕಂಪನಿಯ ಮ್ಯಾಗ್, ಕ್ವಾಡ್ರಾ, ಜೂಡಿ ಫೋರ್ಕುಗಳಲ್ಲಿ ಕೊಳವೆಗಳನ್ನು ಕ್ರೌನ್‌ಗೆ ಬೋಲ್ಟ್ ಹಾಕಿ ಹಿಡಿಸಿರುತ್ತಾರೆ. ಆ ಬೋಲ್ಟುಗಳು ಸಡಿಲವಾಗಿರಬಹುದು, ನೋಡಿ. ಈಚಿನ ಫೋರ್ಕುಗಳಲ್ಲಿ ಕೊಳವೆಯನ್ನು ಒತ್ತಿ ಕೂರಿಸಿರುತ್ತಾರೆ. ಆ ಕೂಡಿಕೆ ಸಡಿಲವಾದರೆ ವೆಲ್ಡಿಂಗ್, ಅಂಟು, ಸುತ್ತಿಗೆ ಯಾವುದೂ ಪರಿಹಾರವಲ್ಲ. ಆ ಭಾಗ ಬದಲಾಗಲೇಬೇಕು, ಅಲ್ಲಿಯವರೆಗೆ ಘಾಟಿ ಇಳಿಯಬೇಡಿ.

ಒತ್ತಿದರೆ ಇಳಿಯುವುದೇ ಇಲ್ಲ

ಲಾಕ್‌ಔಟ್ ಗುಬ್ಬಿ (ಫೋರ್ಕ್ ಕುಗ್ಗದಂತೆ ತಡೆಯುವುದು) ಇದ್ದರೆ ತಿರುಗಿಸಿ ನೋಡಿ. ಪ್ರೀಲೋಡ್ ಗುಬ್ಬಿ (ಸ್ಪ್ರಿಂಗನ್ನು ಮೊದಲೇ ಒತ್ತಿಡುವುದು) ಪೂರ್ತಿ ಬಿಗಿಯಾಗಿದೆಯೇ, ಗಾಳಿ ಜಾಸ್ತಿಯಾಗಿದೆಯೇ ಎಂಬುದೂ ಇದೇ ಹಂತದಲ್ಲಿ ಗೊತ್ತಾಗುತ್ತದೆ.

ನಂತರ ಕೊಳವೆ ನೋಡಿ. ಮಲೆನಾಡಿನ ಮಳೆಗಾಲ ಫೋರ್ಕಿಗೆ ಕಷ್ಟದ ಕಾಲ. ಕೆಂಪು ಮಣ್ಣು ಸೀಲಿನ ತುಟಿಗೆ ಅಂಟಿ ಒಣಗಿ ಮರಳು ಕಾಗದದಂತೆ ಕೊಳವೆಯನ್ನು ಉಜ್ಜುತ್ತದೆ. ಜೀಪು ತೊಳೆಯುವ ವಾಟರ್ ಸರ್ವಿಸ್ ಅಂಗಡಿಯಲ್ಲಿ ಸೈಕಲಿಗೂ ಅದೇ ಒತ್ತಡದ ನೀರು ಹೊಡೆಸಿದರೆ ಆ ಮಣ್ಣು ಸೀಲ್ ದಾಟಿ ಒಳಗೇ ಹೋಗುತ್ತದೆ. ಬಕೆಟ್ ನೀರು, ಬಟ್ಟೆ ಸಾಕು. ಸೀಲಿನ ಮೇಲೆ ಎರಡು ಹನಿ ಫೋರ್ಕ್ ಆಯಿಲ್ ಬಿಟ್ಟು ಹತ್ತು ಬಾರಿ ಒತ್ತಿ, ಕೊಳವೆಯ ಮೇಲೆ ಬಂದ ಕೊಳೆ ಒರೆಸಿ. ಇದರಿಂದ ಚಲನೆ ಸಲೀಸಾದರೆ ಒಳಗೆ ಗ್ರೀಸ್ ಒಣಗಿದೆ, ಸರ್ವಿಸ್ ಆಗಬೇಕು.

ಸರ್ವಿಸ್ ಹೀಗೆ: ಚಕ್ರ ತೆಗೆದು, ಕಾಲಿನ ತಳದ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಅದರ ತಲೆಗೆ ರಬ್ಬರ್ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಒಳರಾಡ್ ಬಿಡಿಸಿ, ಬೋಲ್ಟ್ ಪೂರ್ತಿ ತೆಗೆದು ಹೊರಕಾಲನ್ನು ಕೆಳಗೆಳೆಯಿರಿ. ಹಳೇ ಎಣ್ಣೆಗೆ ಕೆಳಗೊಂದು ತಟ್ಟೆ ಇಡಿ. ಒಳಗೆ ಆಲ್ಕೊಹಾಲ್ ಬಟ್ಟೆಯಿಂದ ಒರೆಸಿ ಬುಶ್ ಮೇಲೆ, ಸೀಲಿನ ಒಳತುಟಿಗೆ ಸಸ್ಪೆನ್ಶನ್ ಗ್ರೀಸ್ ತೆಳುವಾಗಿ ಹಚ್ಚಿ. ಜೀಪಿನ ಚಾಸಿಗೆ ಹಾಕುವ ದಪ್ಪ ಗ್ರೀಸ್ ಬೇಡ, ಚಲನೆ ಇನ್ನಷ್ಟು ಜಡವಾಗುತ್ತದೆ. ಕಾಲಿನ ತಳಕ್ಕೆ ಎಣ್ಣೆ ಹಾಕುವ ಮಾದರಿಯಾದರೆ ಪ್ರಮಾಣ ಸಾಮಾನ್ಯವಾಗಿ ಒಂದೊಂದು ಕಾಲಿಗೆ 5ರಿಂದ 15 ಮಿ.ಲೀ.; ತಯಾರಕರ ಅಳತೆ ನೋಡಿಯೇ ಹಾಕಿ. ಹಳೇ ಮಾರ್ಜೋಕಿ ಬಾಂಬರ್‌ನಂತಹ ಫೋರ್ಕಿನಲ್ಲಿ ಡ್ಯಾಂಪಿಂಗ್ (ಚಿಮ್ಮುವಿಕೆಗೆ ತಡೆ) ಕೂಡ ಅದೇ ಎಣ್ಣೆಯಿಂದ ಆಗುವುದರಿಂದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು.

ಬಿಚ್ಚಿದಾಗ ಸ್ಪ್ರಿಂಗ್ ಬದಲು ರಬ್ಬರಿನಂಥ ತುಂಡುಗಳ ಸಾಲು ಕಂಡರೆ ಅದು ಇಲಾಸ್ಟೊಮರ್ ಫೋರ್ಕ್. 1990ರ ದಶಕದಲ್ಲಿ ಬಹಳಷ್ಟು ಫೋರ್ಕುಗಳು ಹೀಗೇ ಇದ್ದವು. ಈ ತುಂಡುಗಳು ಸೈಕಲ್ ಓಡಿಸದೆ ಮೂಲೆಯಲ್ಲಿಟ್ಟಿದ್ದರೂ ಹಾಳಾಗುತ್ತವೆ: ಕೆಲವು ಕಲ್ಲಾಗುತ್ತವೆ, ಕೆಲವು ಬೆಲ್ಲದ ಪಾಕದಂತೆ ಅಂಟಾಗಿ ಕರಗುತ್ತವೆ. ಚಳಿಯಲ್ಲಿ ಇನ್ನೂ ಗಟ್ಟಿ. ಡಿಸೆಂಬರ್ ಬೆಳಗ್ಗೆ ಸೆಟೆದುಕೊಂಡ ಫೋರ್ಕ್ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಮೃದುವಾದರೆ ಇದೇ ಕಾರಣ. ಅದೇ ಅಳತೆಯ ತುಂಡೋ ಬದಲಿ ಸ್ಪ್ರಿಂಗೋ ಸಿಕ್ಕರೆ ಫೋರ್ಕ್ ಉಳಿಯುತ್ತದೆ. ಕೈಗೆ ಸಿಕ್ಕ ರಬ್ಬರ್ ಬುಶ್ ಕತ್ತರಿಸಿ ತುಂಬಬೇಡಿ. ಕುಗ್ಗುವ ಮಿತಿ ತಪ್ಪಿ ಟೈರು ಕ್ರೌನ್‌ಗೆ ತಾಗಬಹುದು.

ಕೊಳವೆಯ ಮೇಲೆ ಗೀರು ಇದ್ದರೆ ಉಗುರು ಎಳೆದು ನೋಡಿ. ಉಗುರು ಸಿಕ್ಕದ ಗೀರನ್ನು 2000 ನಂಬರಿನ ನೀರು ಕಾಗದದಿಂದ ಮೃದುವಾಗಿ ಉಜ್ಜಿ ಏಣು ತೆಗೆದರೆ ಸಾಕು. ಉಗುರು ಸಿಕ್ಕುವ ಗೀರು, ಕ್ರೋಮ್ ಎದ್ದ ತುಕ್ಕಿನ ಗುಳಿ ಸೀಲನ್ನು ಪ್ರತಿ ಬಾರಿ ಹರಿಯುತ್ತದೆ. ಅಂಥ ಫೋರ್ಕಿಗೆ ಹೊಸ ಸೀಲ್ ಹಾಕಿ ದುಡ್ಡು ಕಳೆಯಬೇಡಿ.

ಕೂತರೆ ಕುಸಿಯುತ್ತದೆ, ಗುಂಡಿಗೆ ಬಿದ್ದರೆ ತಳ ಹೊಡೆಯುತ್ತದೆ

ಕೊಳವೆಗೆ ಒಂದು ಜಿಪ್ ಟೈ ಕಟ್ಟಿ ಸೀಲಿನ ತನಕ ಇಳಿಸಿ, ದಿನವೂ ಹೊರುವ ಚೀಲ ಹೊತ್ತು ಸೈಕಲ್ ಮೇಲೆ ಮೆಲ್ಲಗೆ ಕೂತು, ಮೆಲ್ಲಗೇ ಇಳಿಯಿರಿ. ಜಿಪ್ ಟೈ ಮೇಲೆ ಸರಿದ ದೂರ ಒಟ್ಟು ಚಲನೆಯ (ಫೋರ್ಕ್ ಪೂರ್ತಿ ಕುಗ್ಗುವ ದೂರ) 15ರಿಂದ 20 ಶೇಕಡ ಇರಬೇಕು. 80 ಮಿ.ಮೀ. ಚಲನೆಯ ಫೋರ್ಕಿಗೆ 12ರಿಂದ 16 ಮಿ.ಮೀ. ಹೆಚ್ಚು ಕುಸಿದರೆ ಗಾಳಿ ಫೋರ್ಕಿಗೆ ಗಾಳಿ ಹಾಕಿ. ಟೈರಿನ ಪಂಪ್ ಬೇಡ, ಶಾಕ್ ಪಂಪ್ ಬೇಕು. ಫೋರ್ಕಿನ ಗಾಳಿಕೋಣೆ ಬಹಳ ಸಣ್ಣದು, ಟೈರ್ ಪಂಪಿನ ಒಂದೇ ಒತ್ತಿಗೆ ಒತ್ತಡ ಎಲ್ಲೋ ಹೋಗುತ್ತದೆ. ಹಳೇ ಮ್ಯಾಗ್ ಫೋರ್ಕುಗಳಿಗೆ ಫುಟ್‌ಬಾಲ್‌ಗೆ ಹಾಕುವಂಥ ಸೂಜಿ ಬೇಕು. ರಾತ್ರಿ ಹಾಕಿದ ಗಾಳಿ ಬೆಳಗ್ಗೆ ಇಲ್ಲದಿದ್ದರೆ ವಾಲ್ವ್, ಮುಚ್ಚಳದ ಅಂಚಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ಸ್ಪ್ರಿಂಗ್ ಫೋರ್ಕಿನಲ್ಲಿ ಪ್ರೀಲೋಡ್ ಗುಬ್ಬಿ ಕೂರುವ ಎತ್ತರವನ್ನು ಸ್ವಲ್ಪ ಬದಲಿಸುತ್ತದೆ, ಸ್ಪ್ರಿಂಗಿನ ಗಡಸನ್ನಲ್ಲ. ಪೂರ್ತಿ ತಿರುಗಿಸಿದರೂ ಕುಸಿದರೆ ಸವಾರನ ತೂಕಕ್ಕೆ ಆ ಸ್ಪ್ರಿಂಗ್ ಹೊಂದುವುದಿಲ್ಲ. ಇಳಿದದ್ದು ಚಿಮ್ಮಿ ಮೇಲೆ ಬಂದು ಕೈಗೆ ಹೊಡೆದರೆ ಡ್ಯಾಂಪರ್ ಎಣ್ಣೆ ಖಾಲಿ.

ಎಣ್ಣೆ ಸೋರುತ್ತದೆ

ಕೊಳವೆಯ ಮೇಲೆ ತೆಳು ಉಂಗುರ ಮೂಡಿದರೆ ಚಿಂತೆಯಿಲ್ಲ. ಹನಿ ಕಾಲಿನ ಕೆಳಗೆ ಇಳಿದು ರಿಮ್ ಅಥವಾ ಡಿಸ್ಕ್ ಮೇಲೆ ಬೀಳುತ್ತಿದ್ದರೆ ಸೈಕಲ್ ಅಲ್ಲೇ ನಿಲ್ಲಿಸಿ, ಬ್ರೇಕ್ ಹಿಡಿಯುವುದಿಲ್ಲ. ತಳದ ಬೋಲ್ಟಿಂದ ಸೋರಿದರೆ ಅದರ ವಾಷರ್ ಹೋಗಿದೆ, ಸುಲಭ. ಒಳಗಿಂದ ಹಾಲು ಬೆರೆಸಿದ ಕಾಫಿ ಬಣ್ಣದ ಎಣ್ಣೆ ಬಂದರೆ ನೀರು ಸೇರಿದೆ. ಮಳೆಗಾಲ ಮುಗಿಯಲೆಂದು ಕಾಯಬೇಡಿ, ತುಕ್ಕು ಕಾಯುವುದಿಲ್ಲ.

ಹ್ಯಾಂಡಲ್ ನಟ್ಟನಡುವೆ ಸಿಕ್ಕಿದಂತಾಗುತ್ತದೆ

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಒಂದು ಬೆರಳಲ್ಲಿ ತಳ್ಳಿ. ನೇರಕ್ಕೆ ಬಂದಾಗ ಹಳ್ಳಕ್ಕೆ ಬಿದ್ದಂತೆ ನಿಂತರೆ ಗುಂಡುಗಳು ರೇಸಿನಲ್ಲಿ (ಅವು ಉರುಳುವ ಬಳೆ) ಗುಳಿ ಮಾಡಿವೆ. ಗ್ರೀಸಿನಿಂದ ಸರಿಹೋಗುವುದಿಲ್ಲ, ಹೆಡ್‌ಸೆಟ್ ಬದಲಿಸಬೇಕು. ಫೋರ್ಕ್ ಬದಲಿಸುವ ಯೋಚನೆಯಿದ್ದರೆ ಎರಡನ್ನೂ ಒಟ್ಟಿಗೆ ಮಾಡಿ, ಕೂಲಿ ಉಳಿಯುತ್ತದೆ.

ತಂದ ಹೊಸ ಫೋರ್ಕ್ ಫ್ರೇಮಿನಲ್ಲಿ ಕೂರುವುದಿಲ್ಲ

ಕೊಳ್ಳುವ ಮೊದಲೇ ಅಳೆಯಬೇಕಾದ್ದನ್ನು ಕೊಂಡ ಮೇಲೆ ಅಳೆದರೆ ಹೀಗಾಗುತ್ತದೆ. ನೋಡಬೇಕಾದ್ದು ನಾಲ್ಕು ಅಳತೆ.

ಮೊದಲನೆಯದು ಸ್ಟೀರರ್ ದಪ್ಪ. 1 ಇಂಚಿನ ಸ್ಟೀರರ್ 25.4 ಮಿ.ಮೀ., 1⅛ ಇಂಚಿನದು 28.6, ಅಪರೂಪದ 1¼ ಇಂಚಿನದು 31.8. ಫೋರ್ಕ್ ಬಿಚ್ಚದೆಯೂ ಸುಳಿವು ಸಿಗುತ್ತದೆ: ಫೋರ್ಕಿನೊಳಗೆ ಇಳಿಯುವ ಹಳೇ ಸ್ಟೆಮ್ಮಿನ ಕಾಲು 22.2 ಮಿ.ಮೀ. ಇದ್ದರೆ ಸ್ಟೀರರ್ 1 ಇಂಚು, 25.4 ಇದ್ದರೆ 1⅛. ಈಗ ಅಂಗಡಿಯಲ್ಲಿ ಸಿಗುವ ನೇರ ಸ್ಟೀರರಿನ ಶಾಕ್ ಫೋರ್ಕ್ ಬಹುತೇಕ 1⅛. 1¼ ಫ್ರೇಮಿಗೆ ಅಳತೆ ಇಳಿಸುವ ಕಪ್ ಹಾಕಿ 1⅛ ಕೂರಿಸಬಹುದು. ಆದರೆ 1 ಇಂಚಿನ ಫ್ರೇಮಿಗೆ 1⅛ ಹೋಗುವುದಿಲ್ಲ. ಸ್ಟೀರರನ್ನು ಲೇತಿನಲ್ಲಿ ಕಡೆಸಿ ತೆಳು ಮಾಡುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಆ ಕೊಳವೆ ಮುರಿದರೆ ಸವಾರ ಮುಖ ಮುಂದಾಗಿ ಬೀಳುತ್ತಾನೆ. ಕೆಳಗೆ ಅಗಲವಾಗುವ ಟೇಪರ್ ಸ್ಟೀರರ್ ಕೂಡ ಹಳೇ ನೇರ ಹೆಡ್ ಟ್ಯೂಬಿಗೆ ಬೇಡ.

ಎರಡನೆಯದು ಮರೆ. ಹಳೇ ಫೋರ್ಕಿಗೆ ಮರೆ, ಹೊಸದಕ್ಕೆ ಇಲ್ಲ ಎಂದರೆ ಹೆಡ್‌ಸೆಟ್ಟನ್ನೂ ಸ್ಟೆಮ್ಮನ್ನೂ ಬದಲಿಸಬೇಕು. 1⅛ ಕಪ್ ಕೂರುವ ರಂಧ್ರ 34 ಮಿ.ಮೀ., ಫೋರ್ಕಿನ ಮೇಲೆ ರೇಸ್ ಕೂರುವ ಜಾಗ 30. 1 ಇಂಚಿನಲ್ಲಿ ರೇಸಿನ ಜಾಗ 26.4 ಮತ್ತು 27 ಎಂದು ಎರಡು ಬಗೆ; ಒಂದರ ರೇಸ್ ಇನ್ನೊಂದಕ್ಕೆ ಕೂರುವುದಿಲ್ಲ.

ಮೂರನೆಯದು ಸ್ಟೀರರ್ ಉದ್ದ. ಹೆಡ್ ಟ್ಯೂಬ್, ಹೆಡ್‌ಸೆಟ್ಟಿನ ಮೇಲೂ ಕೆಳಗೂ ಸೇರುವ ಎತ್ತರ, ಸ್ಪೇಸರ್, ಸ್ಟೆಮ್ಮಿನ ಎತ್ತರ ಎಲ್ಲ ಕೂಡಿಸಿ 3 ಮಿ.ಮೀ. ಕಳೆಯಿರಿ. ಹೆಡ್ ಟ್ಯೂಬ್ 130, ಹೆಡ್‌ಸೆಟ್ 27, ಸ್ಪೇಸರ್ 10, ಸ್ಟೆಮ್ 40 ಆದರೆ ಒಟ್ಟು 207, ಕತ್ತರಿಸುವುದು 204ಕ್ಕೆ. ಮೊದಲ ಸಲ 10 ಮಿ.ಮೀ. ಸ್ಪೇಸರ್ ಹೆಚ್ಚೇ ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನು ಕೂಡಿಸಲಾಗದು. ಹಳೇ ಸ್ಟೆಮ್ಮನ್ನು ಗುರುತಿಗೆ ಬಿಗಿದುಕೊಂಡರೆ ಗರಗಸ ಓರೆಯಾಗುವುದಿಲ್ಲ. ಏಣನ್ನು ಅರದಿಂದ ತೆಗೆದು, ಸ್ಟಾರ್ ನಟ್ ಅನ್ನು ಅಂಚಿನಿಂದ 15 ಮಿ.ಮೀ. ಒಳಗೆ ನೇರ ಇಳಿಸಿ.

ನಾಲ್ಕನೆಯದು ಚಕ್ರ. ಹಳೇ ಹಬ್ 100 ಮಿ.ಮೀ. ಅಗಲದ, ತೆಳು ಅಚ್ಚಿನ ಕ್ವಿಕ್ ರಿಲೀಸ್. ಹೊಸ ಫೋರ್ಕುಗಳಲ್ಲಿ 15 ಮಿ.ಮೀ. ಥ್ರೂ ಆಕ್ಸಲ್ (ಹಬ್ಬಿನ ಮೂಲಕ ತೂರಿ ಹೋಗುವ ದಪ್ಪ ಅಚ್ಚು) ಬಂದರೆ ಹಬ್ಬೂ ಬದಲಾಗಬೇಕು. 26 ಇಂಚಿನ ರಿಮ್ಮಿನ ಅಳತೆ 559 ಮಿ.ಮೀ.; 27.5 ಇಂಚಿನ ಚಕ್ರಕ್ಕೆ ಮಾಡಿದ ಫೋರ್ಕಿನಲ್ಲಿ ರಿಮ್ ಬ್ರೇಕ್ ಮೊಳೆಗಳಿದ್ದರೂ (ಬ್ರೇಕ್ ತೋಳು ಕೂರುವ ಗೂಟ) ಕಟ್ಟೆ ರಿಮ್ಮಿಗೆ ಸರಿಯಾಗಿ ಸಿಗದು.

ಕೂತಿತು, ಆದರೆ ಏರಿನಲ್ಲಿ ಮುಂಚಕ್ರ ದಿಕ್ಕೆಟ್ಟು ಅಲೆಯುತ್ತದೆ

ಫೋರ್ಕ್ ಉದ್ದವಾಗಿದೆ. ಅಳೆಯಬೇಕಾದ್ದು ಚಲನೆಯನ್ನಲ್ಲ, ಚಕ್ರದ ಅಚ್ಚಿನ ನಡುವಿನಿಂದ ಕ್ರೌನ್ ರೇಸ್ ಕೂರುವ ಜಾಗದವರೆಗಿನ ಉದ್ದ. ಶಾಕ್ ಬರುವ ಮುಂಚಿನ ಗಟ್ಟಿ ಫೋರ್ಕ್ ಸುಮಾರು 390ರಿಂದ 410 ಮಿ.ಮೀ. 1989ರ ರಾಕ್‌ಶಾಕ್ಸ್ ಆರ್‌ಎಸ್-1ರ ಚಲನೆ 50 ಮಿ.ಮೀ. ಆಸುಪಾಸು. ಇವತ್ತಿನ 100 ಮಿ.ಮೀ. ಫೋರ್ಕಿನ ಉದ್ದ 465 ದಾಟುತ್ತದೆ.

20 ಮಿ.ಮೀ. ಉದ್ದ ಹೆಚ್ಚಾದರೆ ಹೆಡ್ ಟ್ಯೂಬಿನ ಕೋನ ಸುಮಾರು 1 ಡಿಗ್ರಿ ಒರಗುತ್ತದೆ, ಪೆಡಲಿನ ಅಚ್ಚು ಸುಮಾರು 8 ಮಿ.ಮೀ. ಏರುತ್ತದೆ, ಸೀಟೂ ಹಿಂದಕ್ಕೆ ವಾಲುತ್ತದೆ. 60 ಮಿ.ಮೀ. ಹೆಚ್ಚಾದರೆ ಮೂರು ಡಿಗ್ರಿ: ಸೀತಾಳಯ್ಯನಗಿರಿಯಂಥ ಏರಿನಲ್ಲಿ ಮುಂಚಕ್ರ ನೆಲ ಬಿಟ್ಟೇಳುತ್ತದೆ, ತಿರುವಿನಲ್ಲಿ ಹ್ಯಾಂಡಲ್ ತಾನೇ ಬೀಳುತ್ತದೆ. ಅದಕ್ಕಿಂತ ಗಂಭೀರವಾದದ್ದು ಫ್ರೇಮಿನ ಮೇಲಿನ ಸೆಳೆತ; ಸನ್ನೆ ಉದ್ದವಾದಷ್ಟೂ ಹೆಡ್ ಟ್ಯೂಬಿನ ಕೂಡಿಕೆಗೆ ಪೆಟ್ಟು ಜಾಸ್ತಿ.

ಹಳೇ ಫೋರ್ಕಿನ ಉದ್ದಕ್ಕೆ ಹೊಸದರ ಉದ್ದವನ್ನು ಕುಸಿತ ಕಳೆದು ಹೋಲಿಸಿ. 445 ಮಿ.ಮೀ. ಫೋರ್ಕ್ ಸವಾರ ಕೂತಾಗ 15 ಇಳಿದರೆ 430. ಹಳೆಯದಕ್ಕಿಂತ 20 ಮಿ.ಮೀ.ವರೆಗೆ ಹೆಚ್ಚಾದರೆ ನಡೆಯುತ್ತದೆ, ಅದಕ್ಕೂ ಮೀರಿದರೆ ಬೇಡ. ಕೆಲವು ಫೋರ್ಕುಗಳಲ್ಲಿ ಒಳಗೆ ಸ್ಪೇಸರ್ ಹಾಕಿ ಚಲನೆ 80ಕ್ಕೆ ಇಳಿಸಬಹುದು. ಹಳೇ ಫ್ರೇಮಿಗೆ ಒಳ್ಳೆಯ 80 ಮಿ.ಮೀ. ಫೋರ್ಕ್ ದುಬಾರಿ 120ಕ್ಕಿಂತ ಚೆನ್ನಾಗಿ ಓಡುತ್ತದೆ.

ಕೂರಿಸಿದ ಮೇಲೆ ಗಾಳಿ ಬಿಟ್ಟು ಅಥವಾ ಸ್ಪ್ರಿಂಗ್ ತೆಗೆದು ಫೋರ್ಕನ್ನು ಪೂರ್ತಿ ಒತ್ತಿ ನೋಡಿ. ಟೈರಿಗೂ ಕ್ರೌನ್‌ಗೂ ನಡುವೆ ಕನಿಷ್ಠ 6 ಮಿ.ಮೀ. ಸಂದು ಉಳಿಯಬೇಕು. ಉಳಿಯದಿದ್ದರೆ ಟೈರ್ ಸಣ್ಣದು ಹಾಕಿ.

ಹೊಸ ಫೋರ್ಕಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ

ಹಳೇ ಕ್ಯಾಂಟಿಲಿವರ್ ಬ್ರೇಕಿನ (ನಡುವಿನ ಕೇಬಲ್ ಎರಡೂ ತೋಳನ್ನು ಮೇಲಕ್ಕೆಳೆಯುವ ಬಗೆ) ಕೇಬಲ್ ಹೊರಕವಚ ನಿಲ್ಲಲು ಒಂದು ಆಧಾರ ಬೇಕು. ಗಟ್ಟಿ ಫೋರ್ಕಿನಲ್ಲಿ ಅದು ಸ್ಟೆಮ್ ಹತ್ತಿರ ಇರುತ್ತಿತ್ತು. ಶಾಕ್ ಫೋರ್ಕಿಗೆ ಅದೇ ಜಾಗ ಬಳಸಿದರೆ ಫೋರ್ಕ್ ಕುಗ್ಗಿದಾಗಲೆಲ್ಲ ಕೇಬಲ್ ಸಡಿಲವಾಗಿ ಬ್ರೇಕ್ ಬಿಟ್ಟುಹೋಗುತ್ತದೆ, ಅದೂ ಬ್ರೇಕ್ ಬೇಕಾದ ಗುಂಡಿಯಲ್ಲೇ. ಆಧಾರ ಫೋರ್ಕಿನ ಕಮಾನಿನ ಮೇಲೆಯೇ ಇರಬೇಕು. ಇಲ್ಲದಿದ್ದರೆ ವಿ-ಬ್ರೇಕಿಗೆ (ಉದ್ದ ತೋಳಿನ ರಿಮ್ ಬ್ರೇಕ್) ಹೋಗಿ, ಜತೆಗೆ ಲಿವರನ್ನೂ ಬದಲಿಸಿ. ಹಳೇ ಲಿವರ್ ಕೇಬಲನ್ನು ಕಡಿಮೆ ಎಳೆಯುವುದರಿಂದ ವಿ-ಬ್ರೇಕಿನಲ್ಲಿ ಹಿಡಿಕೆ ಹ್ಯಾಂಡಲಿಗೆ ತಾಗುವವರೆಗೂ ಕಟ್ಟೆ ಸರಿಯಾಗಿ ಒತ್ತದು. ಹ್ಯಾಂಡಲ್ ತಿರುಗಿಸಿದಾಗ ಬ್ರೇಕ್ ತಾನೇ ಹಿಡಿದರೆ ಹೊರಕವಚ ಗಿಡ್ಡವಾಗಿದೆ.

ಫೋರ್ಕಿನ ಕಾಲಿನಲ್ಲಿ ಬ್ರೇಕ್ ಮೊಳೆ ಇಲ್ಲದಿದ್ದರೆ ಡಿಸ್ಕೇ ದಾರಿ. ಮೊಳೆ ವೆಲ್ಡ್ ಮಾಡಿಸಲು, ಗ್ರೈಂಡರ್ ಹಿಡಿಸಲು ಹೋಗಬೇಡಿ. ಒಳ್ಳೆಯ ಫೋರ್ಕುಗಳ ಹೊರಕಾಲು ಮೆಗ್ನೀಸಿಯಂ ಲೋಹದ್ದು, ಅದರ ಪುಡಿ ಹೊತ್ತಿಕೊಳ್ಳುತ್ತದೆ.

ಇಲ್ಲಿಗೆ ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕಾದ್ದು

ಹೆಡ್ ಟ್ಯೂಬಿಗೆ ಕೆಳಗಿನ ಕೊಳವೆ ಸೇರುವ ಬೆಸುಗೆಯ ಅಡಿಭಾಗವನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ. ಪೇಂಟು ಕೂದಲೆಳೆಯಂತೆ ಬಿರುಕುಬಿಟ್ಟು ಅದರಿಂದ ತುಕ್ಕು ಇಣುಕಿದರೆ, ಕೊಳವೆ ಅಲ್ಲಿ ಸುಕ್ಕುಗಟ್ಟಿ ಉಬ್ಬಿದ್ದರೆ ಸೈಕಲ್ ಹತ್ತಬೇಡಿ. ಉಕ್ಕಿನ ಫ್ರೇಮಾದರೆ ತೆಳುಕೊಳವೆ ಬೆಸೆಯಲು ಬಲ್ಲವರು ಸರಿಮಾಡಬಹುದು. ಅಲ್ಯುಮಿನಿಯಂ ಫ್ರೇಮಾದರೆ ಬೆಸೆದ ಮೇಲೆ ಶಾಖ ಸಂಸ್ಕಾರವೂ ಬೇಕಾಗುತ್ತದೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಕಪ್ ಕೈಯಿಂದಲೇ ಒಳಗೆ ಹೋಗುವಷ್ಟು ಹೆಡ್ ಟ್ಯೂಬ್ ಹಿಗ್ಗಿದ್ದರೆ, ಒಂದು ಕಾಲು ಬಾಗಿ ಚಕ್ರ ನಡುವೆ ನಿಲ್ಲದಿದ್ದರೆ, ಅಚ್ಚು ಕೂರುವ ಕಚ್ಚಿನಲ್ಲಿ ಸೀಳು ಕಂಡರೆ ಕೂಡ ಅಷ್ಟೆ. ಬಿದ್ದು ಬಾಗಿದ ಸ್ಟೀರರನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಯಾವ ಕಾರಣಕ್ಕೂ ಬೇಡ.

ಎಲ್ಲ ಸರಿಯಿದ್ದು ಹೊಸ ಫೋರ್ಕ್ ಹಾಕಿದ್ದರೆ ಮೊದಲ ಓಟ ಸಪಾಟು ರಸ್ತೆಯಲ್ಲೇ ಆಗಲಿ. 20 ಕಿ.ಮೀ. ಆದ ಮೇಲೆ ರೇಸ್, ಕಪ್ ತಮ್ಮ ಜಾಗಕ್ಕೆ ಇಳಿದು ಹೆಡ್‌ಸೆಟ್ ಮತ್ತೆ ಸಡಿಲವಾಗುವುದು ಸಾಮಾನ್ಯ. ಸ್ಟೆಮ್ ಬೋಲ್ಟ್ ಸಡಿಲಿಸಿ, ಮುಚ್ಚಳ ಹೊಂದಿಸಿ, ಮತ್ತೆ ಬಿಗಿದ ನಂತರವೇ ಗಿರಿಯ ಕಡೆ ತಿರುಗಿಸಿ.